ನೀರು ಕುಡಿಸುವ ಯೋಜನೆ

ಆರೋಗ್ಯದ ಯೋಜನೆ ಬರೆಯುವುದೇ ನನ್ನ ಹೊಟ್ಟೆಪಾಡು. ಕಿಬ್ಬನಹಳ್ಳಿ ಹತ್ತಿರದ ಒಂದು ಕೊಬ್ಬರಿ ಶೆಡ್ಡಿಗೆ ನಾನು ಬರೆದುಕೊಟ್ಟದ್ದು ಬಹಳ ಸರಳ: ಹೆಂಗಸರು ನೀರು ಕುಡಿಯಬೇಕು. ಅಲ್ಲಿ ಕರಟ ಒಡೆದು ಕೊಬ್ಬರಿ ಬಿಡಿಸುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಉರಿಮೂತ್ರ. ಒಬ್ಬೊಬ್ಬರಿಗೂ ಬಾಟಲಿ ಹಂಚಿ, ಗಂಟೆಗೊಮ್ಮೆ ಬೆಲ್ಲು ಹೊಡೆಸಿ, ಎಲ್ಲರೂ ಒಟ್ಟಿಗೆ ಕುಡಿಯುವಂತೆ ಮಾಡಿದರೆ ಮುಗಿಯಿತು ಎಂದುಕೊಂಡಿದ್ದೆ. ಎಂಥ ಬುದ್ಧಿವಂತೆ ನಾನು!

ಮೊದಲ ಸಭೆಯಲ್ಲೇ ಸಾಲಿನ ಕೊನೆಯ ಹೆಂಗಸು, ಗಂಡ ಸತ್ತವಳು, ಕುಡಿದರೆ ಎದ್ದು ಹೋಗಬೇಕಾಗುತ್ತದಲ್ಲ ಎಂದಿದ್ದಳು. ಶೆಡ್ಡಿಗೆ ಕಕ್ಕಸಿಲ್ಲ. ಕೂಲಿ ಒಡೆದ ಕಾಯಿಯ ಲೆಕ್ಕಕ್ಕೆ; ಎದ್ದು ಹೋದವಳ ಮುಂದಿನ ಕಾಯಿಗುಡ್ಡೆ ಪಕ್ಕದವಳ ಪಾಲು, ಅದು ಅಲ್ಲಿನ ರಿವಾಜು. ನಾನು ನಕ್ಕು, ನೆಪ ಹೇಳಬೇಡಿ ಎಂದೆ. ಕಕ್ಕಸು ಕಟ್ಟಡದವರ ವಿಷಯ, ನಮ್ಮದು ಅರಿವು ಮೂಡಿಸುವ ಕೆಲಸ ಎಂದೂ ಸೇರಿಸಿದೆ. ನನ್ನ ಬಾಯಿಗೆ ಮಣ್ಣು ಹಾಕ.

ನನ್ನ ಮಾತು ನಂಬಿ ನಿಯತ್ತಾಗಿ ಕುಡಿದವಳು ಅವಳೇ. ಎರಡನೇ ವಾರ, ನಾನು ಫೋಟೋ ತೆಗೆಯಲು ಹೋಗಿದ್ದ ದಿನ, ಮಟಮಟ ಮಧ್ಯಾಹ್ನ ತಡೆಯಲಾರದೆ ಪಕ್ಕದ ತೋಟಕ್ಕೆ ಓಡಿದಳು. ತೆಂಗಿನ ತೋಟದಲ್ಲಿ ಮರೆ ಎಲ್ಲಿದೆ? ಇದ್ದದ್ದು ಚೌಡಮ್ಮನ ಕಲ್ಲೊಂದೇ. ಅದರ ಹಿಂದೆ ಕೂತದ್ದನ್ನು ತೋಟದವನು ಕಂಡ. ದೇವರು ಮೈಲಿಗೆಯಾಯಿತೆಂದು ಬಾಯಿಗೆ ಬಂದಂತೆ ಬೈಯುತ್ತಾ ಶೆಡ್ಡಿನ ತನಕ ಅವಳನ್ನು ಅಟ್ಟಿಸಿಕೊಂಡು ಬಂದ. ಶೆಡ್ಡಿನ ಯಜಮಾನರು ಎಲ್ಲರೆದುರೇ ಅವಳು ಮತ್ತೆ ಕೈಗೆತ್ತಿಕೊಂಡ ಮಚ್ಚು ಕಿತ್ತುಕೊಂಡು, ನಾಳೆಯಿಂದ ಬರಬೇಡ ಎಂದರು. ಸಾಲಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಪಕ್ಕದವಳು ಆಗಲೇ ಅವಳ ಗುಡ್ಡೆಯನ್ನು ತನ್ನತ್ತ ಎಳೆದುಕೊಂಡಿದ್ದಳು. ನಾನು ಕ್ಯಾಮೆರಾ ಚೀಲಕ್ಕೆ ತುರುಕಿಕೊಂಡು ಹೊರಟೆ.

ಮಾರನೆಯ ದಿನ ಅವಳ ಮನೆಗೆ ಹೋದೆ. ಉಗಿದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚಾಪೆ ಹಾಸಿ ಕೂರಿಸಿದಳು. ಆ ಶೆಡ್ಡು ಬಿಟ್ಟರೆ ತನಗೂ ಮಗಳಿಗೂ ಬೇರೆ ಗತಿಯಿಲ್ಲ ಎಂದಳು.

"ನೀವೇ ಒಂದ್ ಮಾತು ಹೇಳ್ರಮ್ಮ, ನಿಮ್ ಮಾತಾದ್ರೆ ಕೇಳ್ತಾರೆ. ಇನ್ಮ್ಯಾಲೆ ನಾನು ನೀರು ಕುಡಿಯಾಕಿಲ್ಲ."

ಉರಿಮೂತ್ರಕ್ಕೇನು ಮಾಡುತ್ತೀಯ ಎಂದು ಕೇಳಿದೆ.

"ಅದು ಅಭ್ಯಾಸ ಆಗೈತೆ ಬುಡಿ."

ಅಲ್ಲಿಂದ ನೇರ ಯಜಮಾನರ ಬಳಿ ಹೋದೆ. ಎಳನೀರು ಕೆತ್ತಿಸಿ ಕೊಟ್ಟರು, ಕುಡಿದೆ. ಕಕ್ಕಸಿನ ಮಾತು ಎತ್ತಿದೆ. ಮೇಡಂ, ಮುಂದಿನ ವರ್ಷ ನೋಡೋಣ ಎಂದರು. ಜಗಳ ಕಾಯ್ದರೆ ಅವಳಿಗೆ ಕೂಲಿ ಮತ್ತೆ ಸಿಗುತ್ತಿರಲಿಲ್ಲ, ನನ್ನ ಯೋಜನೆಯೂ ಹೋಗುತ್ತಿತ್ತು. ಯಾವುದಕ್ಕೆ ಹೆಚ್ಚು ಹೆದರಿದೆನೋ ಹೇಳಲು ಇಂದಿಗೂ ಧೈರ್ಯವಿಲ್ಲ. ಕೈ ಜೋಡಿಸಿ ಅವಳ ಪರವಾಗಿ ಮಾತು ಕೊಟ್ಟೆ.

"ಅವಳನ್ನ ವಾಪಸ್ ತಗೊಳ್ಳಿ. ಕೆಲಸದ ಹೊತ್ತಲ್ಲಿ ಒಂದು ತೊಟ್ಟು ನೀರೂ ಕುಡಿಯಲ್ಲ. ಅದಕ್ಕೆ ನಾನು ಜವಾಬ್ದಾರಿ."