ಹನ್ನೆರಡರಲೆ ಭಾಗಿಸಬೇಕಿತ್ತು

ಹುಮನಾಬಾದಿನ ಒಂದು ಫ್ಯಾಕ್ಟರಿಯೊಳಗ ನಾ ಎಲೆಕ್ಟ್ರಿಷಿಯನ್. ಯಾವ ಮೋಟರ್ ಎಷ್ಟು ಕರೆಂಟ್ ಎಳೀತದ ಅಂತ ಯಾರರ ಕೇಳಿದ್ರ ನನಗ ಪೆನ್ನು ಬ್ಯಾಡ, ಕಾಗದ ಬ್ಯಾಡ. ತ್ರೀ ಫೇಸ್ ಇದ್ರ ಒಂದು ಎಚ್‌ಪಿಗೆ ಒಂದೂವರಿ ಆಂಪಿಯರ್. ಮನಿ ಲೈನ್ ಇದ್ರ ವ್ಯಾಟಿಗೆ ಎರಡ್ನೂರ ಮೂವತ್ತರಲೆ ಭಾಗಿಸು, ಮುಗೀತು. ಹೊಸ ಎಂಜಿನಿಯರ್ ಮೊಬೈಲ್ ತಗದು ರೂಟ್ ಮೂರು, ಪವರ್ ಫ್ಯಾಕ್ಟರ್ ಅಂತ ಒತ್ತೂದ್ರಾಗ ನಾ ಕೇಬಲ್ ಕತ್ತರಿಸಿ ಇಟ್ಟಿರ್ತಿದ್ದೆ. "ಸಾಹೇಬ್ರ, ನಿಮ್ಮ ಮೊಬೈಲಿಗೆ ಜರಾ ಚಹಾ ಕುಡಸ್ರಿ, ದಣದದ" ಅಂತ ಚಾಷ್ಟಿ ಬ್ಯಾರೆ. ಅಷ್ಟು ಸೊಕ್ಕು ನನಗ. ಅದನ್ನ ಗೇಟಿನ್ಯಾಗ ಬಿಟ್ಟು ಹೋಗಬೇಕಿತ್ತು, ಕೊಹಿನೂರ ಅನ್ನೋ ಊರಿಗೆ ಹೊತ್ಕೊಂಡು ಹೋದೆ.

ಕೊಹಿನೂರದಾಗ ನಮ್ಮ ಅಕ್ಕನ ಮನಿ. ಅವ್ವ ಲಗೂನ ಹೋದ್ಲು, ನನ್ನ ಜ್ವಾಪಾನ ಮಾಡಿ ಬೆಳೆಸಿದಾಕಿ ಅಕ್ಕನೇ. ಒಲಿ ಹೊಗಿಯೋ, ರಾಶಿ ಮಾಡೂ ಧೂಳೋ, ಐವತ್ತು ದಾಟೂದ್ರಾಗ ಆಕಿ ಶ್ವಾಸಕೋಶ ಕೆಟ್ಟು ಕೂತಿದ್ವು. ಬಸವಕಲ್ಯಾಣದ ಡಾಕ್ಟರು ಗಾಳಿಯೊಳಗಿಂದ ಆಕ್ಸಿಜನ್ ತಗಿಯೋ ಮಷಿನ್ ಬರಕೊಟ್ರು. ಮೂಗಿಗೆ ನಳಿಗಿ ಹಚ್ಚಿದ್ರ ಆಕಿ ಎದ್ದು ಕೂಡತಿದ್ಲು, "ಎಷ್ಟು ಸೊರಗೀದ್ಯೋ ಭಾಡ್ಯಾ, ಉಣ್ಣಾಕ ಏನ್ ಧಾಡಿ" ಅಂತ ನನಗ ಬೈತಿದ್ಲು. ನಳಿಗಿ ತಗದ್ರ ತುಟಿ ನೀಲಿ ಆಗತಿದ್ವು. ಕರೆಂಟ್ ಹೋದಾಗ ಬೇಕಾಗ್ತದ, ಮನ್ಯಾಗ ಒಂದು ಸಿಲಿಂಡರ್ ಇಟ್ಕೋರಿ ಅಂತ ಡಾಕ್ಟರು ಎರಡು ಸಲ ಹೇಳಿದ್ರು.

"ಸಿಲಿಂಡರ್ ಯಾಕ್ರಿ, ನಾ ಇಲ್ಲೇನು?" ಅಂದೆ. ಇನ್ವರ್ಟರ್ ತಂದೆ, ನೂರೈವತ್ತು ಆಂಪಿಯರ್-ತಾಸಿನ ಹೊಸಾ ಬ್ಯಾಟ್ರಿ ತಂದೆ, ಕೂಡ್ರಿಸಿದೆ. ಅಕ್ಕನ ಗಂಡ, ನನ್ನ ಮಾಮಾ, ಬಾಜೂ ನಿಂತಿದ್ದ. "ಕರೆಂಟ್ ಹೋದ್ರ ಇದು ಎಷ್ಟೊತ್ತು ನಡೀತದೋ?" ಅಂದ.

ಮಷಿನ್ ಹಿಂದ ಮುನ್ನೂರೈವತ್ತು ವ್ಯಾಟ್ ಅಂತ ಬರದಿತ್ತು. ಎರಡ್ನೂರ ಮೂವತ್ತರಲೆ ಭಾಗಿಸಿದೆ, ಒಂದೂವರಿ ಆಂಪಿಯರ್. ನೂರೈವತ್ತರ ಬ್ಯಾಟ್ರಿ, ತಾಸಿಗೆ ಒಂದೂವರಿ ಖರ್ಚಾದ್ರ ನೂರು ತಾಸು. "ನಾಕ್ ದಿನ, ಮಾಮಾ. ಫಿಕರ್ ಬಿಡ್ರಿ" ಅಂದೆ. ಅಕ್ಕ ನಳಿಗಿ ಹಚ್ಕೊಂಡೇ ನಕ್ಕಳು. ಆಮ್ಯಾಲ ಅರ್ಧ ತಾಸು, ಒಂದು ತಾಸು ಕರೆಂಟ್ ಹೋದಾಗೆಲ್ಲಾ ಮಷಿನ್ ಬರೋಬ್ಬರಿ ನಡೀತು, ನನ್ನ ಲೆಕ್ಕ ಯಾರೂ ತಿರುಗಿ ನೋಡಲಿಲ್ಲ.

ಹೋದ ಬ್ಯಾಸಗ್ಯಾಗ ಒಂದಿನ ಮುಂಜಾನಿ ಎಂಟಕ್ಕ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋತು. ಫ್ಯಾಕ್ಟರಿಯೊಳಗ ಮೊಬೈಲ್ ಒಯ್ಯಾಕ ಬಿಡಂಗಿಲ್ಲ. ಮಧ್ಯಾಹ್ನ ಊಟಕ್ಕ ಹೊರಗ ಬಂದು ನೋಡಿದ್ರ ಮಾಮಾನ ಹನ್ನೊಂದು ಮಿಸ್ ಕಾಲ್. ತಿರುಗಿ ಫೋನ್ ಹಚ್ಚಿದೆ. ಜೀಪಿನ ಸಪ್ಪಳದಾಗ ಒದರಾಕತ್ತಿದ್ದ: "ಬ್ಯಾಟ್ರಿ ಸತ್ತದೋ! ನಾಕ್ ತಾಸೂ ನಡೀಲಿಲ್ಲ. ಬಸವಕಲ್ಯಾಣಕ್ಕ ಹೊಂಟೀವಿ, ಲಗೂ ಬಾ!"

ಗಾಡಿ ಹಾರಿಸ್ಕೊಂಡು ಹೊಂಟೆ. ದಾರ್ಯಾಗ ಹೊಳೀತು ನನಗ. ಬ್ಯಾಟ್ರಿ ಹನ್ನೆರಡು ವೋಲ್ಟಿಂದು. ಮಷಿನಿಗೆ ಎರಡ್ನೂರ ಮೂವತ್ತು ಕೊಡೋದು ಇನ್ವರ್ಟರು, ಬ್ಯಾಟ್ರಿ ಅಲ್ಲ. ಮುನ್ನೂರೈವತ್ತಕ್ಕ ಹನ್ನೆರಡರಲೆ ಭಾಗಿಸಬೇಕಿತ್ತು. ಮೂವತ್ತು ಆಂಪಿಯರ್ ಸನಿ ಬರ್ತದ, ಇನ್ವರ್ಟರ್ ತಿನ್ನೋದು ಬ್ಯಾರೆ. ನಾಕ್ ದಿನ ಅಲ್ಲ, ನಾಕ್ ತಾಸು. ಥೂ ನನ್ನ ಜನ್ಮಕ್ಕಿಷ್ಟು! ಸಾಲಿ ಹುಡುಗರೂ ಮಾಡೂವಂಥ ಲೆಕ್ಕ. ನಾ ಹೋಗೂದ್ರಾಗ ದವಾಖಾನಿ ಮುಂದ ಜೀಪ್ ನಿಂತಿತ್ತು, ಅಕ್ಕ ಹಿಂದಿನ ಸೀಟಿನ್ಯಾಗ ಮಲಗಿದ್ಲು, ಮಾಮಾ ಆಕಿ ಕಾಲು ಹಿಡ್ಕೊಂಡು ಕೂತಿದ್ದ. ದಾರ್ಯಾಗ ಜೀವ ಹೋಗಿತ್ತು.

ನನಗ ಒಬ್ಬರೂ ಒಂದ್ ಮಾತು ಅನ್ನಲಿಲ್ಲ. ಮಾತಾಡಸಾಕ ಬಂದವ್ರು ಬ್ಯಾಟ್ರಿ ನಕಲಿ ಇರಬೇಕು ಅಂದ್ರು, ನಾ ಹೂಂ ಅಂತ ಗೋಣು ಹಾಕಿದೆ. ಹೌದ್ರಿ, ಗೋಣು ಹಾಕಿದೆ, ಇಷ್ಟು ನಾಚಿಗೇಡಿ ನಾನು. ಹನ್ನೊಂದು ದಿನ ಆದ ಮ್ಯಾಲ ಮಾಮಾ ಚಪ್ಪಲಿ ಮೆಟ್ಟಿ ಹೊರಟ. "ಆ ಬ್ಯಾಟ್ರಿ ಅಂಗಡಿಯಾಂವನ ಕೊರಳಪಟ್ಟಿ ಹಿಡೀತೀನಿ, ಬಾ ನನ್ನ ಜೋಡಿ" ಅಂದ. ತಪ್ಪಿಲ್ಲದ ಮನಷ್ಯಾನ ಕೊರಳಪಟ್ಟಿ. ಅವಾಗ ಬಾಯಿ ಬಿಟ್ಟೆ.

"ಕೂಡ್ರಿ ಮಾಮಾ. ಬ್ಯಾಟ್ರಿ ಚಲೋ ಇತ್ತು. ಲೆಕ್ಕ ತಪ್ಪಿದ್ದು ನಂದು." ಅವನಿಗೆ ವೋಲ್ಟು ತಿಳೀತಿರಲಿಲ್ಲ. ಒಂದು ರಾಶಿ ತೊಗರಿ ಒಳಗ ಹಾಕಬೇಕು, ಬುಟ್ಟಿ ಸಣ್ಣದಾದಷ್ಟು ಹೊರೋ ಸಲ ಹೆಚ್ಚು ಆಗ್ತಾವ ಅಂದೆ. ನಾ ದೊಡ್ಡ ಬುಟ್ಟಿ ಹಿಡದು ಎಣಿಸಿದೆ, ಬ್ಯಾಟ್ರಿ ಹತ್ರ ಇದ್ದದ್ದು ಸಣ್ಣ ಬುಟ್ಟಿ ಅಂದೆ. ಮಾಮಾ ಚಪ್ಪಲಿ ಬಿಟ್ಟು ಕೂತ.

"ಕರೆಂಟ್ ಹೋದ ಕೂಡ್ಲೆ ಬಾಜೂ ಮನಿಯಾಂವ ಜೀಪ್ ತಂದು ನಿಲ್ಲಿಸಿದ್ದ" ಅಂದ. "ಆಕೀನೇ ಒಲ್ಲೆ ಅಂದ್ಲು. ನಮ್ಮ ತಮ್ಮ ನಾಕ್ ದಿನ ಅಂದಾನ, ಸುಮ್ಮ ಬಿಸಲಾಗ ಯಾಕ ಅಂದ್ಲು. ವಾಪಸ್ ಕಳಿಸಿದ್ವಿ. ಬ್ಯಾಟ್ರಿ ಸತ್ತ ಮ್ಯಾಲ ಅದನ್ನ ತಿರುಗಿ ತರಸೂದ್ರಾಗ ತಾಸು ಹೋತು."

ಮಾಮಾ ನನ್ನ ಮಾರಿ ನೋಡಿ ಕೇಳಿದ, "ಅವಾಗೇ ಜೀಪಿನ್ಯಾಗ ಹಾಕ್ಕೊಂಡು ಹೋಗಿದ್ರ ಉಳೀತಿದ್ಲೇನೋ?"

ಇನ್ನೊಂದು ಸುಳ್ಳು ಹೇಳಬಹುದಿತ್ತು.

"ಉಳೀತಿದ್ಲ್ರಿ ಮಾಮಾ" ಅಂದೆ.