ಮೂರನೇ ವೈರಿಗೆ ಟೇಪ್ ಸುತ್ತಿದವರು

ಮುಚ್ಚಿದ ವಾಲ್ವಿನಿಂದಲೂ ಕರೆಂಟ್ ಬರುತ್ತದೆ ಎಂದರೆ ಹಾಗೆ ಹುಬ್ಬು ಹಾರಿಸಬೇಡಿ. ಬರುತ್ತದೆ. ಅದರ ಮೇಲಿನ ಸೆನ್ಸರ್ ಕಳಿಸುತ್ತದೆ, ಮುಚ್ಚಿದ್ದರೆ ನಾಲ್ಕು ಮಿಲಿಆಂಪ್, ಪೂರ್ತಿ ತೆರೆದಿದ್ದರೆ ಇಪ್ಪತ್ತು. ಮಲಗಿದವನಿಗೂ ಉಸಿರಿರುತ್ತದೆ. ಉಸಿರೇ ಇಲ್ಲದವನನ್ನು ಕಂಡು, ಪಾಪ ಒಳ್ಳೇ ನಿದ್ದೆ ಎಂದು ಹೊದಿಕೆ ಹೊದಿಸಿ ಹೋಗುವವರು ಯಾರಾದರೂ ಇದ್ದಾರೆಯೇ? ಪರದೇಶದಲ್ಲಿ, ಜುರಾಂಗ್ ಐಲ್ಯಾಂಡಿನ ಒಂದು ಕಾರ್ಖಾನೆಯಲ್ಲಿದ್ದರು. ದತ್ತಾತ್ರೇಯನಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ದತ್ತಾತ್ರೇಯ ಮೈಸೂರಿನವನು, ಈಗ ಇದ್ದದ್ದು ಆ ಪರದೇಶದಲ್ಲೇ. ವುಡ್‌ಲ್ಯಾಂಡ್ಸಿನಲ್ಲಿ ಮನೆ, ಕಂಪನಿ ಬಸ್ಸಿನಲ್ಲಿ ನಿದ್ದೆ, ಕಾರ್ಖಾನೆಯಲ್ಲಿ ಸೆನ್ಸರುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಕೆಲಸ. ಸಿಟ್ಟು ಬಂದರೆ ಅವನ ಹೆಲ್ಮೆಟ್ಟಿನ ಮೇಲೆ ದೋಸೆ ಹುಯ್ಯಬಹುದು. ಒಮ್ಮೆ ಹುಯ್ದರಂತೆ, ಗರಿಗರಿಯಾಗಿ ಎದ್ದು ಬಂತಂತೆ. ಅದನ್ನು ನಂಬದಿದ್ದರೆ ಬಿಡಿ, ವಾಲ್ವಿನ ಮಾತನ್ನಾದರೂ ನಂಬಿ.

ಅಂದು ಬಿಸಿ ಎಣ್ಣೆಯ ಲೈನಿನಲ್ಲಿದ್ದ ಒಂದು ಪಂಪನ್ನು ಬಿಚ್ಚಬೇಕಿತ್ತು. ಬಿಚ್ಚುವವನು ಕೋಲಾರದ ಕಡೆಯ ಫಿಟ್ಟರ್ ವಿನೋದ್. ಪಂಪಿಗೆ ಎಣ್ಣೆ ಬಾರದಂತೆ ತಡೆಯುವ ಹಿಂದಿನ ವಾಲ್ವ್ ಮುಚ್ಚಿದೆ ಎಂದು ಕಂಟ್ರೋಲ್ ರೂಮಿನ ಸ್ಕ್ರೀನ್ ಹೇಳುತ್ತಿತ್ತು. ವಾಲ್ವ್ ಇದ್ದದ್ದು ಮೇಲೆ, ಪೈಪುಗಳ ಸಂದಿಯಲ್ಲಿ. ಸ್ಕ್ರೀನ್ ಇರುವಾಗ ಹತ್ತಿ ನೋಡುವ ಪುಣ್ಯಾತ್ಮ ಯಾರು?

ದತ್ತಾತ್ರೇಯ ಹತ್ತಿದ. ಆ ವಾಲ್ವಿನ ಸೆನ್ಸರನ್ನು ಹಿಂದಿನ ದಿನವಷ್ಟೇ ಕಂಟ್ರಾಕ್ಟರಿನವರು ಬದಲಿಸಿದ್ದರು. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ, ಹಳೆಯ ಕೇಬಲ್ಲಿನಲ್ಲಿ ಇದ್ದದ್ದು ಎರಡೇ ವೈರು. ಹಳೆಯ ಸೆನ್ಸರಿಗೆ ಅಷ್ಟು ಸಾಕಿತ್ತು, ಅದೇ ಜೋಡಿಯಲ್ಲಿ ಅನ್ನವೂ ಹೋಗುತ್ತಿತ್ತು, ಸುದ್ದಿಯೂ ಬರುತ್ತಿತ್ತು. ಹೊಸದಕ್ಕೆ ಮೂರು ಬೇಕು. ಕರೆಂಟ್ ವಾಪಸು ಹೋಗಬೇಕಾದ ಆ ಮೂರನೇ ವೈರಿಗೆ, ಗಾಯವಾದ ಬೆರಳಿಗೆ ಕಟ್ಟಿದಂತೆ, ಅಂದವಾಗಿ ಟೇಪ್ ಸುತ್ತಿ ಬಿಟ್ಟಿದ್ದರು. ಪಕ್ಕದಲ್ಲೇ ವಾಲ್ವಿನ ಮುಳ್ಳು ಅರ್ಧ ತೆರೆದಲ್ಲಿ ನಿಂತಿತ್ತು.

ಅಲ್ಲಿಂದಲೇ ವಾಕಿಟಾಕಿ ಹಿಡಿದ. ಕಂಟ್ರೋಲ್ ರೂಮಿನಲ್ಲಿ ಮ್ಯಾನೇಜರ್ ನವನೀತ್ ಇದ್ದ, ಬೆಂಗಳೂರಿನ ಹುಡುಗ.

"ನವನೀತ್, ಪರ್ಸೆಂಟ್ ಬೇಡ. ಮಿಲಿಆಂಪ್ ಎಷ್ಟು ಬರ್ತಿದೆ ಹೇಳಪ್ಪ."

"ಝೀರೋ ಸರ್. ಅದಕ್ಕೇ ಕ್ಲೋಸ್ಡ್ ಅಂತ ತೋರಿಸ್ತಿದೆ."

"ಕ್ಲೋಸ್ ಆಗಿದ್ರೆ ನಾಲ್ಕು ಬರ್ಬೇಕು. ಝೀರೋ ಅಂದ್ರೆ ಸೆನ್ಸರಿಗೆ ಜೀವಾನೇ ಇಲ್ಲ. ಅಲಾರ್ಮ್ ಯಾಕೆ ಹೊಡೀಲಿಲ್ಲ?"

ನವನೀತ್ ದನಿ ತಗ್ಗಿಸಿದ.

"ಅದು ಸುಮ್‌ಸುಮ್ನೆ ಬರ್ತಿತ್ತು ಸರ್. ನಾಲ್ಕಕ್ಕಿಂತ ಕಮ್ಮಿ ಬಂದ್ರೂ ಕ್ಲೋಸ್ಡ್ ಅಂತಲೇ ತೋರ್ಸೋ ಹಾಗೆ ಸೆಟ್ ಮಾಡಿದ್ವಿ. ಎಲ್ಲಾ ವಾಲ್ವಿಗೂ."

ದತ್ತಾತ್ರೇಯ ಇಳಿದು ಬಂದ ವೇಗಕ್ಕೆ ಏಣಿ ಈಗಲೂ ನಡುಗುತ್ತಿದೆ ಎನ್ನುತ್ತಾರೆ. ನೇರ ಕಂಟ್ರೋಲ್ ರೂಮಿಗೆ ನುಗ್ಗಿದ. ಅವನ ಹಿಂದೆ ವಿನೋದ್.

"ಇದೊಂದನ್ನ ಇವತ್ತೇ ಸರಿ ಮಾಡಿಸ್ತೀನಿ ಸರ್," ಎಂದ ನವನೀತ್. "ಮಿಕ್ಕಿದ್ದು ಆಡಿಟ್ ಮುಗೀಲಿ. ಈಗ ಸೆಟಿಂಗ್ ತೆಗೆದ್ರೆ ಸ್ಕ್ರೀನೆಲ್ಲಾ ಕೆಂಪಾಗತ್ತೆ."

"ಕೆಂಪಾದ್ರೆ ಆಡಿಟರ್ ಬೈತಾರೆ. ಆಗ್ದಿದ್ರೆ ಇವನು ಬೆಂದು ಹೋಗ್ತಾನೆ. ನಿಂಗೆ ಯಾವುದಪ್ಪ ಕಷ್ಟ?"

"ನಿಮ್ಮ ಕೆಲ್ಸದ ರಿನ್ಯೂವಲ್ ಬೇರೆ ಹತ್ರ ಬಂತು, ಸರ್. ಮೇಲಿನವರು ಕೇಳಿದ್ರೆ ನಾನೇನ್ ಹೇಳ್ಲಿ?"

"ದತ್ತಾತ್ರೇಯ ಪಂಪ್ ಬಿಚ್ಚೋ ಪರ್ಮಿಟ್‌ಗೆ ಸೈನ್ ಹಾಕಲ್ಲ ಅಂದ ಅಂತ ಹೇಳು. ಮುದುಕನಿಗೆ ತಲೆ ಕೆಟ್ಟಿದೆ ಅಂತಲೂ ಸೇರಿಸ್ಕೋ."

ವಿನೋದ್ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ನವನೀತನ ಮೇಜಿನ ಮೇಲಿಟ್ಟ.

"ನೀವೇ ಬಿಚ್ಚಿ ಸರ್. ಕ್ಲೋಸ್ಡ್ ಅಂತ ತೋರಿಸ್ತಿದೆಯಲ್ಲ."

ನವನೀತ್ ಸ್ಪ್ಯಾನರ್ ಮುಟ್ಟಲಿಲ್ಲ. ಕೀಬೋರ್ಡ್ ಎಳೆದುಕೊಂಡ. ಸೆಟಿಂಗ್ ತೆಗೆದೊಡನೆ ಒಂದು ವಾಲ್ವ್ ಕೆಂಪಾಯಿತು, ಅದರ ಪಕ್ಕದ್ದು, ಆಮೇಲೆ ಕೆಳಗಿನ ಸಾಲಿನದೂ. ಅವುಗಳ ಸೆನ್ಸರುಗಳು ಎಂದಿನಿಂದ ಸತ್ತು ಬಿದ್ದಿದ್ದವೋ, ಯಾರಿಗೂ ಗೊತ್ತಿರಲಿಲ್ಲ.

"ಇದರ ಕೆಳಗೆ ಹೋದ ವಾರ ಯಾರು ಕೆಲ್ಸ ಮಾಡಿದ್ದು?" ದತ್ತಾತ್ರೇಯ ಸ್ಕ್ರೀನಿಗೆ ಬೆರಳು ಚುಚ್ಚಿದ. "ಹೇಳು. ಮತ್ತೆ ಇದರ ಕೆಳಗೆ? ಮನುಷ್ಯರು ಅಂದ್ಕೊಂಡಿದೀರೋ, ಇಲ್ಲಾ..."

"ಅಂಕಲ್," ವಿನೋದ್ ಅವನ ತೋಳು ಹಿಡಿದ. "ಇನ್ನು ಯಾರೂ ಏನೂ ಬಿಚ್ಚಲ್ಲ. ಬನ್ನಿ, ಊಟ ಮಾಡೋಣ."