ಬಾನೆಟ್ಟಿನ ಮೇಲಿನ ಸುತ್ತುಗೆರೆ

ಇದೇ 1986ರ ಫೆಬ್ರವರಿ ಮೂರು, ಸೋಮವಾರ, ಬೆಳಗ್ಗೆ ಒಂಬತ್ತೂವರೆ. ದರ್ಬೆಯಲ್ಲಿ ನನ್ನ ಸೋದರಮಾವನ ಶೆಡ್ಡಿನ ಎದುರು ನೆಲ್ಯಾಡಿಯ ಜೀಪೊಂದು ಬಂದು ನಿಂತಿತು. ಅದರ ಹಿಂಬದಿಯಲ್ಲಿ ಗೋಣಿ ಸುತ್ತಿದ ಫೈಬರ್ ಬಾನೆಟ್ ಇತ್ತು. ನನ್ನ ಡೈರಿಯಲ್ಲಿ ಆ ದಿನ ಬರೆದದ್ದು ಇಷ್ಟೇ: ‘ಕಪ್ಪು ಬಾನೆಟ್ ಬಂತು. ಶುಕ್ರವಾರ ಕೊಡಬೇಕು.’ ಆ ವಾರದ ಪುಟಗಳನ್ನು ಈಗ ತೆರೆದರೂ ತಲೆ ಬಿಸಿಯಾಗುತ್ತದೆ.

ಜೀಪಿನ ಮಾಲಕರು ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ರಬ್ಬರ್ ಹಾಕಿದವರು. ನಾವೆಲ್ಲ ಅವರನ್ನು ಅವರ ಭಾಷೆಯಲ್ಲೇ ಚೇಟ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದೆವು. ಹಳೆಯ ಕಬ್ಬಿಣದ ಬಾನೆಟ್ ಮಳೆಗೆ ತುಕ್ಕು ಹಿಡಿದು ತೂತಾಗಿತ್ತು. ಹಾಗಾಗಿ ಮಂಗಳೂರಿನಲ್ಲಿ ಫೈಬರಿನದ್ದನ್ನು ಅಚ್ಚು ಹಾಕಿಸಿದ್ದರು. ಇದಕ್ಕೆ ಪೈಂಟ್ ಇಲ್ಲ. ಮೇಲಿನ ತೆಳು ಪದರಕ್ಕೇ ಕಪ್ಪು ಬಣ್ಣ ಬೆರೆಸಿರುತ್ತಾರೆ. ಆದರೆ ಅಚ್ಚಿನ ಗುಳ್ಳೆ, ಗೀರು ಎಲ್ಲವೂ ಆ ಪದರದ ಮೇಲೆ ಹಾಗೆಯೇ ಉಳಿದಿದ್ದವು.

“ಇದು ಕನ್ನಡಿಯ ಹಾಗೆ ಆದ್ರೆ ಸುಳ್ಯ, ಕಡಬ ಲೈನಿನ ಜೀಪಿನವರನ್ನೆಲ್ಲ ನಾನೇ ಇಲ್ಲಿಗೆ ಕಳಿಸ್ತೇನೆ. ಆಗದಿದ್ರೆ ಅವ್ರು ಮಂಗಳೂರಿಗೇ ಹೋಗುದು,” ಎಂದರು ಚೇಟ.

ಮಾವ ಆ ಲೈನನ್ನೇ ನಂಬಿ ಪಾಲಿಶ್ ಮಿಷನ್ ತಂದಿದ್ದರು. ಅಲ್ಲಿಯ ತನಕ ಅವರು ಪೈಂಟ್ ಹೊಡೆದ ಕಾರುಗಳನ್ನು ಬಟ್ಟೆಯಲ್ಲಿ ಕೈಯಿಂದ ಉಜ್ಜುತ್ತಿದ್ದವರು. ಚೇಟ ಹೋದ ಮೇಲೆ ನನ್ನೊಡನೆ, “ಈ ಬಾನೆಟ್ ಕೆಟ್ಟರೆ ಮಿಷನನ್ನು ಅಟ್ಟಕ್ಕೆ ಹಾಕಿ ಪುನಃ ಬಟ್ಟೆ ಹಿಡಿಯುದೇ,” ಎಂದರು. ಮಿಷನ್ ಹಿಡಿಯುವವನು ನಾನು.

ಸೋಮವಾರವಿಡೀ ನೀರು ಹಾಕಿ ಉಜ್ಜುವ ಮರಳು ಕಾಗದ, ವಾಟರ್ ಪೇಪರಿನಲ್ಲಿ ಉಜ್ಜಿ ಗುಳ್ಳೆಗಳನ್ನು ತೆಗೆದೆ. ಮಂಗಳವಾರ ಮಿಷನ್ನಿಗೆ ಉಣ್ಣೆಯ ಪ್ಯಾಡ್ ಹಾಕಿ, ಬಾನೆಟ್ಟಿಗೆ ಹೊಳಪು ಬರಿಸುವ ಕಾಂಪೌಂಡ್ ಹಚ್ಚಿ ಶುರು ಮಾಡಿದೆ. ತೋಟದವರು ಪಂಪು ಹಾಕುತ್ತಲೇ ಓಲ್ಟೇಜ್ ಇಳಿಯಿತು. ಮಿಷನ್ ನರಳಿ ನಿಂತಿತು. ಪಂಪು ನಿಂತಾಗ ನಾನು ಶುರು, ಪಂಪು ಶುರುವಾದಾಗ ನಾನು ನಿಲ್ಲುವುದು. ಸಂಜೆ ಬಾನೆಟ್ಟನ್ನು ಬಿಸಿಲಿಗೆ ತಂದು ನೋಡಿದರೆ ಹೊಳಪೇನೋ ಇತ್ತು, ಆದರೆ ಅದರ ಮೇಲೆಲ್ಲ ಕೂದಲಿನಷ್ಟು ಸಪುರದ ಸುತ್ತುಗೆರೆಗಳು.

“ಪ್ಯಾಡ್ ಕೊಳೆ ಆಗಿದೆ. ತೊಳಿ,” ಎಂದರು ಮಾವ.

ತೊಳೆದು, ಗಾಳಿ ಬಿಸಿಲು ಸಿಗುವ ಮುಂದಿನ ಕಂಬದ ಮೊಳೆಗೆ ಎಂದಿನಂತೆ ನೇತುಹಾಕಿದೆವು. ಬುಧವಾರ ಪುನಃ ಉಜ್ಜಿದರೆ ಗೆರೆಗಳು ಹೆಚ್ಚೇ ಆದವು. ಪ್ಯಾಡನ್ನು ಇನ್ನೂ ಚೆನ್ನಾಗಿ ತೊಳೆದೆವು. ಕಾಂಪೌಂಡ್ ಬದಲಿಸಿದೆವು. ಗೆರೆಗಳೂ ಬದಲಾದವು: ಹೊಸ ಕಡೆ ಬಂದವು.

ಇದರ ನಡುವೆ ನೋಡಲು ಬರುವವರ ಕಾಟ. ಪೇಟೆಗೆ ಹೊರಟವರೆಲ್ಲ ಶೆಡ್ಡಿಗೆ ಹಾಯ್ದು, ಬೆರಳ ಗಂಟಿನಿಂದ ಬಾನೆಟ್ಟಿಗೆ ಬಡಿದು, “ಇದು ಬಾನೆಟ್ಟಾ ಬಕೆಟ್ಟಾ ಮಾರಾಯ್ರೆ?” ಎಂದು ಕೇಳಿಯೇ ಹೋಗುವುದು. ಬಂದವರ ಮುಂದೆ ವೀಳ್ಯದ ತಟ್ಟೆ ಇಡದಿದ್ದರೆ ಮಾವನಿಗೆ ಸಮಾಧಾನವಿಲ್ಲ. ತಟ್ಟೆ ಇಟ್ಟರೆ ಬಂದವರು ಏಳುವುದಿಲ್ಲ.

ಗುರುವಾರ ಊಟ ಮುಗಿಸಿ ಬಂದಾಗ ಬಾನೆಟ್ ನಿಜವಾಗಿಯೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಗೆರೆಯೂ ಇಲ್ಲ. ಮಾವ ಕೈಮುಗಿಯುವುದೊಂದು ಬಾಕಿ. ಪಕ್ಕದ ಪಂಕ್ಚರ್ ಅಂಗಡಿಯ ಬ್ಯಾರಿ ಕಾಕ ನಗುತ್ತ ಬಾಗಿಲಲ್ಲಿ ನಿಂತಿದ್ದರು.

“ನೀವು ಮೂರು ದಿನ ಗುರ್ ಗುರ್ ಮಾಡಿದ್ರಿ. ನಾನು ಎರಡು ಚಮಚ ತೆಂಗಿನೆಣ್ಣೆ ಹಾಕಿದೆ. ಅಷ್ಟೇ.”

“ಎಣ್ಣೆಯಾ?” ಎಂದರು ಮಾವ.

“ಮತ್ತೆ ಎಂತ, ಪೆಟ್ರೋಲಾ? ನಮ್ಮ ಮನೆಯ ಬಾಗಿಲಿಗೂ ಅದನ್ನೇ ಹಾಕುದು.”

ಎಣ್ಣೆ ಗೆರೆಗಳೊಳಗೆ ತುಂಬಿಕೊಂಡಿತ್ತು, ಅಷ್ಟೇ. ಅದನ್ನು ಸಾಬೂನು ಹಾಕಿ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಗೆರೆಗಳು ಇದ್ದಲ್ಲೇ ಇದ್ದವು. ಕಾಕನಿಗೆ ಬೇಸರವಾಗಿ ಎರಡು ದಿನ ನಮ್ಮೊಡನೆ ಮಾತು ಬಿಟ್ಟರು.

ಶುಕ್ರವಾರ ಚೇಟ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಕಂಬದ ಪಕ್ಕದ ಬೆಂಚಿನಲ್ಲಿ ಕೂತು, ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡರು. ಕಣ್ಣು ಬಾನೆಟ್ಟಿನ ಮೇಲೆಯೇ. ಬೆರಳಲ್ಲಿ ಉಳಿದ ಸುಣ್ಣವನ್ನು ಒರಸಲು ನೋಡದೆಯೇ ಕೈಯನ್ನು ಕಂಬದ ಕಡೆ ಚಾಚಿದರು. ಒರಸಿದ್ದು ಮೊಳೆಯಲ್ಲಿ ಒಣಗುತ್ತಿದ್ದ ಪ್ಯಾಡಿಗೆ.

ಮಾವ ನನ್ನನ್ನು ನೋಡಿದರು, ನಾನು ಮಾವನನ್ನು. ಆ ಕಂಬ ಕೈಗೆಟಕುವಷ್ಟು ಎತ್ತರಕ್ಕೂ ವರ್ಷಗಳ ಸುಣ್ಣದಿಂದ ಬೆಳ್ಳಗಾಗಿತ್ತು. ಗಾಳಿಗೆ ಪ್ಯಾಡ್ ಅದಕ್ಕೇ ಉಜ್ಜುತ್ತಿತ್ತು. ನಮ್ಮದು ಚಿಪ್ಪು ಸುಟ್ಟು ಮಾಡಿದ ಸುಣ್ಣ. ಬೇಯದ, ಮರಳಿನಂಥ ಚೂರು ಅದರಲ್ಲಿ ಉಳಿದೇ ಇರುತ್ತದೆ. ಗೀರಿದ್ದು ಅದೇ. ಬಿಳಿ ಉಣ್ಣೆಯಲ್ಲಿ ಬಿಳಿ ಸುಣ್ಣ ಯಾರ ಕಣ್ಣಿಗೆ ಬೀಳಬೇಕು? ನಾವು ತೊಳೆತೊಳೆದು ಅಲ್ಲಿಗೇ ನೇತುಹಾಕಿದ್ದೆವು.

ಗಿರಾಕಿಗೆ ಬೈಯುವ ಹಾಗಿಲ್ಲ. ಮಾವ ಒಂದು ಬಟ್ಟೆ ಕೊಟ್ಟು, “ಚೇಟ, ಇದರಲ್ಲಿ ಒರಸಿ,” ಎಂದರು.

“ಎಂತಕ್ಕೆ? ಎಲ್ಲರೂ ಕಂಬದಲ್ಲೇ ಒರಸುದಲ್ವಾ?”

“ಕಂಬದಲ್ಲಿ ಒರಸಿ ಮಾರಾಯ್ರೆ. ಅದು ಪ್ಯಾಡ್, ಕಂಬ ಅಲ್ಲ.”

ಮುಂದಿನ ಕೆಲಸಕ್ಕೆಂದು ಎತ್ತಿಟ್ಟಿದ್ದ ಒಂದೇ ಹೊಸ ಪ್ಯಾಡನ್ನು ಮಿಷನ್ನಿಗೆ ಹಾಕಿದೆ. ಪುಣ್ಯಕ್ಕೆ ಪಂಪುಗಳು ನಿಂತಿದ್ದವು. ಗೆರೆಗಳು ಒಂದೊಂದಾಗಿ ಅಳಿದವು. ಬಿಸಿಲಿಗೆ ಹಿಡಿದರೆ ಚೇಟನ ಮೀಸೆ ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಆದರೆ ಮುಂದೆ ಉಬ್ಬಿದ ಏಣಿನ ಹತ್ತಿರ, ವಾರವಿಡೀ ಉಜ್ಜಿದ್ದರಿಂದ ಕಪ್ಪು ಪದರ ಸವೆದು, ಅಂಗೈ ಅಗಲಕ್ಕೆ ಒಳಗಿನ ಫೈಬರಿನ ನೇಯ್ಗೆ ಎದ್ದಿತ್ತು.

“ಉಳಿದದ್ದು ಕನ್ನಡಿಯೇ,” ಎಂದರು ಚೇಟ. “ಇದು ಎಂತ, ಗೋಣಿಯ ಹಾಗೆ?”

ಮಾವ ನಡೆದದ್ದನ್ನೆಲ್ಲ ಹೇಳಿದರು. ಚೇಟ ಕೇಳಿಕೊಂಡರು. “ಜೀಪಿನವರು ನೋಡುದು ಬಾನೆಟ್ಟನ್ನು. ನಿಮ್ಮ ಕಂಬವನ್ನಲ್ಲ,” ಎಂದು ಬಾನೆಟ್ಟನ್ನು ಜೀಪಿಗೆ ಹಾಕಿಸಿಕೊಂಡು ಹೋದರು. ಉಳಿದವರನ್ನು ಕಳಿಸುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಮೊನ್ನೆ ಕಡಬದ ಜೀಪಿನವರೊಬ್ಬರು ಬಂದಿದ್ದರು. ಚೇಟನ ಬಾನೆಟ್ ನೋಡಿದ್ದಾರಂತೆ. “ಆ ಜಾಗವನ್ನು ಸರಿ ಮಾಡಿ ತೋರಿಸಿ. ಮತ್ತೆ ನಮ್ಮ ಲೈನಿನದ್ದೆಲ್ಲ ತರ್ತೇವೆ,” ಎಂದರು. ಒಡೆದ ಫೈಬರ್ ತುಂಡೊಂದರ ಮೇಲೆ ನಾವು ಮಾಡಿ ನೋಡಿದೆವು. ಪೈಂಟ್ ಹೊಡೆದರೆ ಮಂಕು ಕಲೆ ಕಾಣುತ್ತದೆ. ಹೊಸ ಪದರ ಬಳಿದರೆ ಅಂಚು ಎದ್ದು ನಿಲ್ಲುತ್ತದೆ. ಮಿಷನ್ ಇನ್ನೂ ಕೆಳಗೇ ಇದೆ, ಆದರೆ ಮಾವ ಅಟ್ಟದ ಕಡೆ ನೋಡಲು ಶುರು ಮಾಡಿದ್ದಾರೆ. ನೇಯ್ಗೆ ಎದ್ದ ಜಾಗಕ್ಕೆ ಅಂಚು ಕಾಣದ ಹಾಗೆ ಪದರ ಕೂರಿಸಿ ಹೊಳಪು ಬರಿಸಿದವರು ಯಾರಾದರೂ ಇದ್ದರೆ, ಹೇಗೆ ಮಾಡಿದಿರೆಂದು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ತೆಂಗಿನೆಣ್ಣೆಯನ್ನು ಬಿಟ್ಟು ಬೇರೇನಾದರೂ ಇದ್ದರೆ ಮಾತ್ರ.